ತಲೆಕೆಳಗಾದ ಕತ್ತಿ

ಕಳಂಬೋಲಿಯ ನಮ್ಮ ಸಿಡ್ಕೋ ಬಿಲ್ಡಿಂಗಿನಲ್ಲಿ ನನ್ನನ್ನು "ನೋಟು ನೋಡೋ ಸಾಹೇಬ್ರು" ಅಂತಾರೆ. ಸ್ಟೀಲ್ ಮಾರ್ಕೆಟ್ಟಿನಲ್ಲಿ ಲಾರಿ ಓಡಿಸುವವರಿಂದ ಹಿಡಿದು ಕೆಳಗಿನ ಕಿರಾಣಿ ಅಂಗಡಿಯವನವರೆಗೆ ಯಾರಿಗೆ ಐನೂರರ ನೋಟಿನ ಮೇಲೆ ಅನುಮಾನ ಬಂದರೂ ನಮ್ಮ ಮನೆ ಬೆಲ್ ಒತ್ತುತ್ತಾರೆ. ಬ್ಯಾಂಕ್ ನೌಕರಿಯಿಂದ ಬಂದ ವಿದ್ಯೆ ಅದೊಂದೇ ಅಂತ ನನ್ನವಳ ಅಭಿಪ್ರಾಯ. ಇರಲಿ ಬಿಡಿ.

ಮೊನ್ನೆ ಭಾನುವಾರ ಬೆಲ್ ಆದಾಗ ಬಾಗಿಲಲ್ಲಿ ನಿಂತಿದ್ದವರು ಮೂರನೇ ಮಹಡಿಯ ಅಮ್ಮ. ಕೋಲಾರದ ಕಡೆಯವರು, ಎಪ್ಪತ್ತೈದು ದಾಟಿದ ಜೀವ. ಕೈಯಲ್ಲಿ ಹಳೇ ಪಂಚೆಯಲ್ಲಿ ಸುತ್ತಿದ ಒಂದು ಗಂಟು. "ಏನಪ್ಪಾ, ನೋಟು ನೋಡಿದ ಹಾಗೇ ಇದನ್ನೂ ಒಂಚೂರು ನೋಡಿ ಹೇಳ್ತೀಯಾ?" ಅಂದರು. ಬಿಚ್ಚಿದರೆ ಬಣ್ಣ ಹೋದ ಹಸಿರು ಮಿಲಿಟರಿ ಶರ್ಟು. ಭುಜದ ಕೆಳಗೆ ಕೆಂಪು-ಕಪ್ಪು ಗುರಾಣಿಯ ಬ್ಯಾಡ್ಜು, ಅದರ ಮೇಲೆ ಬಿಳಿ ಕತ್ತಿ. ತೋಳಿಗೆ ಮೂರು ಬಿಳಿ ಪಟ್ಟಿ.

ಅವರ ತಂದೆ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್‌ನಲ್ಲಿ ಇದ್ದವರು, ಎರಡನೇ ಮಹಾಯುದ್ಧದಲ್ಲಿ ಬರ್ಮಾಕ್ಕೆ ಹೋಗಿ ಬಂದವರು. ಹಲಸೂರು ಕೆರೆಯ ಪಕ್ಕ ಈಗಲೂ ಎಂಇಜಿ ಸೆಂಟರ್ ಇದೆಯಲ್ಲ, ಅದೇ ಪಡೆ. ನಮ್ಮ ಬಿಲ್ಡಿಂಗಿಗೆ ಬಂದ ದಿನದಿಂದಲೂ ಅಮ್ಮ ತಮ್ಮ ಪರಿಚಯ ಮಾಡಿಕೊಳ್ಳುವುದೇ "ನಾನು ಹವಾಲ್ದಾರ್ ಮಗಳು" ಅಂತ. ಮೊಮ್ಮಗ ಆ ಶರ್ಟನ್ನು ಮುಂಬಯಿಯ ಹಳೇ ಸಾಮಾನಿನ ವ್ಯಾಪಾರಿಯೊಬ್ಬನಿಗೆ ತೋರಿಸಿದನಂತೆ. ಅವನು ನಕ್ಕು, "ಇದು ಸಿನಿಮಾ ಡ್ರೆಸ್ಸು. ಕತ್ತಿ ತಲೆಕೆಳಗಾಗಿದೆ ನೋಡು, ದರ್ಜಿಗೆ ಗೊತ್ತಾಗಿಲ್ಲ" ಅಂದನಂತೆ. ಅಮ್ಮನಿಗೆ ಮೂರು ದಿನದಿಂದ ನಿದ್ದೆಯಿಲ್ಲ.

ನಾನು ಜಾಣನ ಹಾಗೆ ನನ್ನ ಅಲ್ಟ್ರಾವಯೊಲೆಟ್ ಟಾರ್ಚ್ ತಂದೆ. ನೋಟಿನ ಅಸಲಿ ಕಾಗದ ಆ ಬೆಳಕಿನಲ್ಲಿ ಹೊಳೆಯುವುದಿಲ್ಲ, ನಂಬರು ಮತ್ತು ಒಳಗಿನ ಸಣ್ಣ ಎಳೆಗಳು ಮಾತ್ರ ಹೊಳೆಯುತ್ತವೆ. ಹಳೇ ಬಟ್ಟೆಗೂ ಇಂಥದ್ದೇ ಪರೀಕ್ಷೆ ಇದೆ ಅಂತ ಎಲ್ಲೋ ಓದಿದ್ದೆ. ಹೊಳಪು ಕೊಡುವ ರಾಸಾಯನಿಕ ಬಟ್ಟೆ, ದಾರಗಳಿಗೆಲ್ಲ ಬಂದದ್ದು ಯುದ್ಧ ಮುಗಿದ ಮೇಲೆ. ಟಾರ್ಚ್ ಹಾಕಿದೆ. ಪಟ್ಟಿಗಳು ನೀಲಿಯಾಗಿ ಝಗ್ಗೆಂದವು. "ಅಮ್ಮಾ, ಇದು ಆಮೇಲಿನದ್ದೇ ಇರಬೇಕು" ಅಂದುಬಿಟ್ಟೆ.

ಅವರು ಏನೂ ಮಾತಾಡಲಿಲ್ಲ. ಶರ್ಟನ್ನು ಮಡಚಿ, ಪಂಚೆಯಲ್ಲಿ ಸುತ್ತಿಕೊಂಡು ಮೆಟ್ಟಿಲು ಇಳಿದರು.

ರಾತ್ರಿ ಊಟಕ್ಕೆ ಕೂತಾಗ ನೆನಪಾಯಿತು. ಕೌಂಟರಿಗೆ ಬರುವ ನೋಟುಗಳಲ್ಲಿ ಪ್ಯಾಂಟಿನ ಜೇಬಿನಲ್ಲೇ ಉಳಿದು ಸೋಪಿನ ಪುಡಿಯಲ್ಲಿ ಒಗೆದುಹೋದ ಅಸಲಿ ನೋಟೂ ಟಾರ್ಚಿನಡಿ ಹೊಳೆಯುತ್ತದೆ! ಇಷ್ಟು ವರ್ಷ ಕಂಡಿದ್ದೇ. ಸರ್ಫ್ ನಮ್ಮ ದೇಶಕ್ಕೆ ಬಂದದ್ದು 1959ರಲ್ಲಿ. ಆಮೇಲೆ ಆ ಶರ್ಟು ಎಷ್ಟು ಸಲ ಬಕೆಟ್ಟಿನಲ್ಲಿ ಮುಳುಗಿ ಎದ್ದಿದೆಯೋ? ನಾಚಿಕೆಯಾಯಿತು. ಕುತೂಹಲಕ್ಕೆ ಕತ್ತಿಯ ವಿಷಯವನ್ನೂ ಹುಡುಕಿದೆ. 1943ರಲ್ಲಿ ಕಟ್ಟಿದ ಹದಿನಾಲ್ಕನೇ ಸೇನೆಯ ಗುರುತು ಅದು. ಅದರ ಜನರಲ್ ಸ್ಲಿಮ್ ತಾನೇ ಬರೆದ ಚಿತ್ರ. ಕತ್ತಿ ಕೆಳಮುಖವಾಗಿ ಇರುವುದು ತಪ್ಪಿನಿಂದಲ್ಲ, ಬೇಕೆಂದೇ. ಬರ್ಮಾವನ್ನು ಮರಳಿ ಗೆಲ್ಲಬೇಕಾದ್ದು ಉತ್ತರದಿಂದ ದಕ್ಷಿಣಕ್ಕೆ ಇಳಿದು ಅಂತ. ಗೆದ್ದರು ಕೂಡ, 1945ರ ಮೇ ತಿಂಗಳಲ್ಲಿ ರಂಗೂನ್ ಸೇರಿದರು. ಆ ವ್ಯಾಪಾರಿ ಯಾವುದನ್ನು ನಕಲಿ ಅಂದನೋ ಅದೇ ಅಸಲಿಗೆ ಸಾಕ್ಷಿ!

ಮರುದಿನ ಬ್ಯಾಂಕಿನಿಂದ ಬಂದವನೇ ಮೂರನೇ ಮಹಡಿಗೆ ಇಳಿದೆ. ಕತ್ತಿಯ ಕಥೆ ಹೇಳಿದಾಗ ಅಮ್ಮನ ಮುಖ ನೋಡಬೇಕಿತ್ತು. ನಾಸಿಕ್‌ನಲ್ಲಿ ಅಚ್ಚಾಗಲಿ, ಮೈಸೂರಿನಲ್ಲಿ ಅಚ್ಚಾಗಲಿ, ನೋಟು ಒಂದೇ ಥರ ಇರಬೇಕು. ಬ್ಯಾಡ್ಜು ಹಾಗಲ್ಲ. ಯುದ್ಧಕಾಲದಲ್ಲಿ ಎಷ್ಟೋ ಬ್ಯಾಡ್ಜುಗಳನ್ನು ಊರೂರಿನ ಬಜಾರಿನ ದರ್ಜಿಗಳೇ ಹೊಲಿದುಕೊಟ್ಟರು, ಒಂದರ ಹಾಗೆ ಇನ್ನೊಂದಿಲ್ಲ. ಆದ್ದರಿಂದ ಬ್ಯಾಡ್ಜಿಗಿಂತ ಅದರ ಕೆಳಗಿನ ಬಟ್ಟೆ ನೋಡಬೇಕು. ಮೇಲಿನ ಬಟ್ಟೆ ಬಿಸಿಲು, ಬೆವರು, ಒಗೆತಕ್ಕೆ ಮಾಸುತ್ತದೆ. ಬ್ಯಾಡ್ಜಿನ ಅಡಿಯದ್ದು ಹಳೇ ಬಣ್ಣ ಉಳಿಸಿಕೊಂಡಿರುತ್ತದೆ. ಗೋಡೆಯ ಮೇಲಿನ ಕ್ಯಾಲೆಂಡರ್ ತೆಗೆದಾಗ ಕಾಣುವ ಚೌಕದ ಹಾಗೆ. ಇದನ್ನು ನಕಲು ಮಾಡೋದು ಸುಲಭವಲ್ಲ.

ಗುರಾಣಿಯ ಮೂಲೆ ಮೆಲ್ಲಗೆ ಎತ್ತಿ ನೋಡಿದೆ. ಅಡಿಯಲ್ಲಿ ಗಾಢ ಹಸಿರು. ಮೇಲಿನ ಎರಡು ಪಟ್ಟಿಗಳ ಅಡಿಯಲ್ಲೂ ಅಷ್ಟೇ. "ಅಸಲಿ ಅಮ್ಮಾ, ನಿಮ್ಮ ತಂದೆ ಮೈಮೇಲೆ ಹಾಕಿಕೊಂಡು ತಿರುಗಿದ ಶರ್ಟೇ ಇದು" ಅಂದೆ.

ಮೂರನೇ ಪಟ್ಟಿಯ ಅಂಚು ಎತ್ತಿದೆ. ಅಡಿಯ ಬಟ್ಟೆ ಸುತ್ತಲಿನ ಬಟ್ಟೆಯಷ್ಟೇ ಮಾಸಿತ್ತು. ಮೊದಲೆರಡು ಪಟ್ಟಿಗೆ ಮಿಷನ್ ಹೊಲಿಗೆ, ಇದಕ್ಕೆ ಕೈಹೊಲಿಗೆ, ಸಣ್ಣ ಸಣ್ಣ ನೀಟಾದ ಹೊಲಿಗೆ. ಅಂದರೆ ಶರ್ಟು ಹಾಕುವುದು ನಿಂತ ಮೇಲೆ ಸೇರಿದ್ದು. ಎರಡು ಪಟ್ಟಿ ಅಂದರೆ ನಾಯಕ್. ಮೂರಾದರೆ ಹವಾಲ್ದಾರ್.

ನಾನು ತಲೆ ಎತ್ತಲಿಲ್ಲ. ಲೆಡ್ಜರಿನಲ್ಲಿ ತಪ್ಪು ಕಂಡರೆ ಕೆಂಪು ಇಂಕಿನಲ್ಲಿ ಗೆರೆ ಎಳೆದು ಅಭ್ಯಾಸವಾದವನು ನಾನು. ಇಲ್ಲಿ ಏನು ಹೇಳಲಿ? ಟೈಮ್ ತಳ್ಳಲು, "ಬೆಂಗಳೂರಿನ ರೆಕಾರ್ಡ್ಸ್ ಆಫೀಸಿಗೆ ಅವರ ನಂಬರು ಹಾಕಿ ಬರೆದರೆ ಸರ್ವಿಸ್ ವಿವರ ಕೇಳಬಹುದು ಅಮ್ಮಾ" ಅಂದೆ.

ಅಮ್ಮ ಶರ್ಟನ್ನು ನನ್ನ ಕೈಯಿಂದ ತಗೊಂಡು ಆ ಕೈಹೊಲಿಗೆಯ ಮೇಲೆ ಬೆರಳಾಡಿಸಿದರು.

"ಇದು ನಮ್ಮಮ್ಮನ ಹೊಲಿಗೆ ಕಣಪ್ಪಾ. ಅಪ್ಪ ತೀರಿಕೊಂಡ ವರ್ಷ ದೀಪದ ಮುಂದೆ ಕೂತು ಹೊಲೀತಿದ್ದಳು. 'ಇನ್ನೊಂದು ಪಟ್ಟಿ ಬರಬೇಕಿತ್ತು ಅವರಿಗೆ, ಕೊಡಲಿಲ್ಲ' ಅಂತಿದ್ದಳು. ನನಗೆ ಆಗ ಹತ್ತು ವರ್ಷ."

"ಹಾಗಾದ್ರೆ ಬರೆಯೋದು..." ಅಂದೆ.

"ಬೇಡ ಬಿಡು. ಕಾಫಿ ಕುಡೀತೀಯಾ?" ಅನ್ನುತ್ತಾ ಒಳಗೆ ಹೋದರು.