ಹಳೇ ಓದು, ನಮ್ಮೂರ ಮಾತು – 6: ಅಭಿಮನ್ಯುವಿನ ಮುಂದೆ ನಿಂತ ದುರ್ಯೋಧನ

ಪಟದಾಗ ಇರೋದು ನಮ್ಮ ಮನೀ ಮಗ್ಗ. ಕಥಿ ಮಾತ್ರ ರನ್ನಂದು. ಎರಡಕ್ಕೂ ಏನು ಸಂಬಂಧ ಅಂತೀರಿ? ಪೂರ್ತಿ ಓದ್ರಿ.

ರನ್ನ ನಮ್ಮ ಮುಧೋಳ ಕಡೆಯ ಕವಿ. ಬಳೆಗಾರರ ಮನೆತನದಾಂವ. 993ರಾಗ 'ಅಜಿತಪುರಾಣ' ಬರೆದ, 'ಕವಿಚಕ್ರವರ್ತಿ' ಅನಿಸಿಕೊಂಡ. ಇಷ್ಟು ನಾವೆಲ್ಲ ಪರೀಕ್ಷೆಗೆ ಬಾಯಿಪಾಠ ಮಾಡೀವಿ. ಆದ್ರ ಅವನ 'ಗದಾಯುದ್ಧ' ನನಗ ತಟ್ಟಿದ್ದು ಪರೀಕ್ಷೆ ಮುಗಿದ ಮ್ಯಾಲೆ.

ಹೋದ ವರ್ಷ ಒಂದು ಶನಿವಾರ ಅಪ್ಪನ ವಾರದ ಬಟವಡೆ ನನ್ನ ಫೋನಿಗೆ ಬಂತು. ಮೊಬೈಲ್ ಆಟಕ್ಕ ಅರ್ಧ ಹಾಕಿದೆ, ಹೋಯ್ತು. ಅದನ್ನ ವಾಪಸ್ ಗೆಲ್ಲಬೇಕಂತ ಉಳಿದದ್ದೂ ಹಾಕಿದೆ, ಅದೂ ಹೋಯ್ತು. "ಸಾಹುಕಾರ್ರು ಮುಂದಿನ ವಾರ ಕೊಡ್ತಾರಂತ" ಅಂತ ಸುಳ್ಳು ಹೇಳಿದೆ. ಅಪ್ಪ ಹೋಗಿ ಕೇಳಿ ಬಂದ. ನನಗ ಒಂದು ಮಾತೂ ಅನ್ನಲಿಲ್ಲ, ಮಗ್ಗಕ್ಕ ಕುಂತ. ಅವ್ವ ನಡುರಾತ್ರಿ ತನಕ ಕಂಡಿಕಿ ಸುತ್ತಿದಳು. ಎರಡು ವಾರ ನಾನು ಆ ಕೋಣೆ ಕಡೆ ಹಾಯಲಿಲ್ಲ. ಅಪ್ಪ ಒಮ್ಮೆ ಬೈದು ಬಿಟ್ರ ಸಾಕು, ಎಲ್ಲಾ ಸರಿ ಆಗ್ತದ ಅಂತ ಕಾಯ್ತಿದ್ದೆ.

ಆಗ ಓದಿದೆ. ಎಲ್ಲಾ ಕಳಕೊಂಡ ದುರ್ಯೋಧನ ಸಂಜಯನ ಜೊತೆ ರಣರಂಗದಾಗ ಭೀಷ್ಮನ ಕಡೆ ಹೊಂಟಾನ. ಸುತ್ತ ಹೆಣ. ಅಭಿಮನ್ಯು ಬಿದ್ದಾನ. ತನ್ನ ಕಡೆಯವರೇ ಸುತ್ತುಗಟ್ಟಿ ಕೊಂದ ಹುಡುಗ. ದುರ್ಯೋಧನ ಮುಖ ತಿರುಗಿಸಂಗಿಲ್ಲ. ನಿಂತು, ಆ ಹುಡುಗನ ಶೌರ್ಯ ಹೊಗಳಿ, ಕೈ ಮುಗೀತಾನ. ನನಗೂ ಇಂಥ ಮರಣ ಬರಲಿ ಅಂತಾನ. ತನ್ನ ಮಗ ಲಕ್ಷಣಕುಮಾರನೂ ಅದೇ ನೆಲದಾಗ ಸತ್ತು ಬಿದ್ದಾನ.

ಹಂಗಂತ ರನ್ನ ಅವನನ್ನ ಒಳ್ಳೆಯವನನ್ನಾಗಿ ಮಾಡಿಬಿಡಂಗಿಲ್ಲ. ಭೀಷ್ಮ ಸಂಧಿ ಮಾಡಿಕೋ ಅಂದ್ರೂ ಅವ ಒಪ್ಪಂಗಿಲ್ಲ. ಕಡೀಗೆ ಭೀಮನ ಗದೆಗೇ ಬೀಳ್ತಾನ.

ವಿಕ್ಟರ್ ಹ್ಯೂಗೋ 1862ರಾಗ ಬರೆದ 'ಲೆ ಮಿಸರಾಬ್ಲ್' ಗೊತ್ತಲ್ಲ? ಬೆಳ್ಳಿ ಸಾಮಾನು ಕದ್ದ ಜಾನ್ ವಾಲ್‌ಜಾನ್‌ಗೆ ಬಿಷಪ್ ಬೆಳ್ಳಿ ಮೇಣದಬತ್ತಿ ಕಂಬಗಳನ್ನೂ ಕೊಟ್ಟು ಕಳಿಸ್ತಾನ. ಅಲ್ಲಿ ಕ್ಷಮೆ ಮೊದಲು, ಬದಲಾವಣೆ ಆಮೇಲೆ. ರನ್ನನ ದುರ್ಯೋಧನನಿಗೆ ಕ್ಷಮಿಸೋರು ಯಾರೂ ಇಲ್ಲ. ಆದರೂ ತಾನು ಮಾಡಿಸಿದ್ದರ ಮುಂದೆ ನಿಂತು ನೋಡ್ತಾನ. ನಾನು ಅಷ್ಟೂ ಮಾಡಿರಲಿಲ್ಲ. ಕ್ಷಮೆ ಮೊದಲು ಬರಲಿ ಅಂತ ಹೊರಗ ಅಡ್ಡಾಡ್ತಿದ್ದೆ.

ಅವತ್ತು ರಾತ್ರಿ ಮಗ್ಗದ ಕೋಣೆಗೆ ಹೋದೆ. "ಅಪ್ಪಾ, ರೊಕ್ಕ ನಾನೇ ಕಳದೆ, ಸುಳ್ಳೂ ಹೇಳಿದೆ" ಅಂದೆ. ಅಪ್ಪ ಮಗ್ಗ ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಾದ ಮ್ಯಾಲೆ ಅಂದ: "ನಿಮ್ಮವ್ವಗ ಕೈ ನೋವು ಐತಿ. ಕಂಡಿಕಿ ಸುತ್ತು."

ಇವತ್ತಿಗೂ ಸುತ್ತಾಕತ್ತೀನಿ. ಬಟವಡೆ ಮಾತ್ರ ಈಗ ತಂಗಿ ಫೋನಿಗೆ ಬರ್ತದ. ಅದು ಸರಿನೇ ಐತಿ. ಕಥಿಯೊಳಗ ಮನುಷ್ಯಾ ಒಂದು ಪುಟದಾಗ ಬದಲಾಗಬಹುದು. ಮನಿಯೊಳಗ ನಂಬಿಕಿ ಒಂದೊಂದೇ ಎಳೀಲೆ ನೇಯಬೇಕು.

ನೀವು ಯಾರ ಮುಂದೆ ಹೋಗಿ ನಿಲ್ಲೋದು ಬಾಕಿ ಐತಿ? ನನಗ ಹೇಳಬ್ಯಾಡ್ರಿ. ಅವರ ಕಡೆ ಹೋಗ್ರಿ.

#ರನ್ನ #ಗದಾಯುದ್ಧ #ರಬಕವಿ #ನೇಕಾರರ_ಮನಿ