ನಡುವಿರುಳಿನ ಕಾವಲು



ಇದೇ ಶಾಲೆಯಲ್ಲಿ ಅಕ್ಷರ ಕಲಿತ ನಾವು ಮುಂದೆ ನೌಕಾಪಡೆಯನ್ನು ಸೇರಿ, ಹಲವು ವರ್ಷಗಳನ್ನು ಕಡಲಿನ ಮೇಲೆ ಕಳೆದೆವು. ಹಡಗಿನ ದಿನವನ್ನು ಅಳೆಯುವವನು ಸೂರ್ಯನಲ್ಲ, ಕಾವಲಿನ ಪಾಳಿ. ನಾಲ್ಕು ನಾಲ್ಕು ಗಂಟೆಗಳ ಐದು ಪಾಳಿಗಳು, ಸಂಜೆಗೆ ಎರಡೆರಡು ಗಂಟೆಗಳ ಎರಡು, ಒಟ್ಟು ಏಳು. ಸಂಖ್ಯೆ ಬೆಸವಾದುದರಿಂದ ನಡುವಿರುಳಿನ ಕಷ್ಟ ಒಬ್ಬನ ಪಾಲಿಗೇ ಬೀಳದು. ಮನುಷ್ಯರಿಗೆ ಇದು ನ್ಯಾಯವೇ ಸರಿ. ಆದರೆ ದೇಹಕ್ಕೆ ದಿನಕ್ಕೊಂದು ಗೊಂದಲ.

ರಾತ್ರಿ 12ರಿಂದ 4ರವರೆಗಿನ ಪಾಳಿಯಲ್ಲಿ ಸಕ್ಕರೆ ತುಂಬಿದ ಚಹವೇ ನಮ್ಮ ಸಂಗಾತಿ. ನಿದ್ರೆಯನ್ನು ಗೆದ್ದ ಅರ್ಜುನನಿಗೆ ಗುಡಾಕೇಶನೆಂದು ಹೆಸರಷ್ಟೆ. ನಾವೂ ಗುಡಾಕೇಶರೆಂದೇ ಬೀಗಿದೆವು. ನಲವತ್ತೈದು ದಾಟಿದಾಗ ರಕ್ತದ ಒತ್ತಡವೂ ಸಕ್ಕರೆಯೂ ಏರಿರುವುದು ತಿಳಿಯಿತು. “ಕಾವಲೇ ಕಾರಣವೇ?” ಎಂದು ಕೇಳಿದೆವು. “ಅದೊಂದೇ ಎನ್ನಲಾರೆ, ಅದೂ ಒಂದಾಗಿರಬಹುದು” ಎಂದರು ವೈದ್ಯರು.

ನಮ್ಮ ಮಿದುಳಿನಲ್ಲಿಯೂ ಅಂಗಾಂಗಗಳಲ್ಲಿಯೂ ಗಡಿಯಾರಗಳಿವೆ. ಜೀವಕೋಶದೊಳಗೆ ಅವು ನಡೆಯುವ ಬಗೆಯನ್ನು ತೋರಿಸಿದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಆರೋಗ್ಯವಂತನು ರಾತ್ರಿ ಮಲಗಿದಾಗ ರಕ್ತದ ಒತ್ತಡ ಶೇಕಡ 10ರಷ್ಟಾದರೂ ಇಳಿದು ಹೃದಯಕ್ಕೆ ವಿಶ್ರಾಂತಿ ಸಿಗುತ್ತದೆ. ಎಚ್ಚರವಿದ್ದವನಿಗೆ ಅದು ತಪ್ಪುತ್ತದೆ. ಇರುಳಿನಲ್ಲಿ ಇನ್ಸುಲಿನ್ನಿನ ಕಾರ್ಯ ಮಂದವಾಗುವುದರಿಂದ, ಹಗಲು ಸುಲಭವಾಗಿ ಅರಗುವ ತಿನಿಸೇ ರಕ್ತದ ಸಕ್ಕರೆಯನ್ನು ಹೆಚ್ಚು ಹೊತ್ತು ಏರಿಸಿಡುತ್ತದೆ. ಸುಮಾರು 20 ಲಕ್ಷ ಜನರನ್ನು ಕುರಿತ 34 ಅಧ್ಯಯನಗಳನ್ನು 2012ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಪಾಳಿಯ ದುಡಿಮೆಯವರಲ್ಲಿ ಹೃದಯಾಘಾತದ ಸಂಭವ ಶೇಕಡ 23ರಷ್ಟು ಅಧಿಕವೆಂದು ಕಂಡಿತು.

ನಿದ್ರೆಗೆಟ್ಟ ಕಾವಲು ದೇಶಕ್ಕೂ ಹಿತವಲ್ಲ. 2017ರ ಜೂನ್ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಅಮೆರಿಕದ ಎರಡು ಯುದ್ಧನೌಕೆಗಳು ವ್ಯಾಪಾರದ ಹಡಗುಗಳೊಡನೆ ಡಿಕ್ಕಿಯಾಗಿ 17 ಮಂದಿ ನಾವಿಕರು ಮಡಿದರು. ಕಂಡುಬಂದ ದೋಷಗಳಲ್ಲಿ ಆಯಾಸವೂ ಒಂದು. ಆ ಮೇಲೆ ದೇಹದ ಗಡಿಯಾರಕ್ಕೆ ಒಪ್ಪುವಂತೆ ಪಾಳಿಗಳನ್ನು ಹೊಂದಿಸಬೇಕೆಂದು ಅಲ್ಲಿನ ನೌಕಾಪಡೆ ಆಜ್ಞಾಪಿಸಿತು.

ಹಾಗೆಂದು ಕಾವಲನ್ನು ಬಿಡಲಾದೀತೇ? ಲಕ್ಷ್ಮಣನು ಹದಿನಾಲ್ಕು ವರ್ಷ ಎಚ್ಚರವಿದ್ದಾಗ ಅವನ ಪಾಲಿನ ನಿದ್ರೆಯನ್ನು ಊರ್ಮಿಳೆ ಮಲಗಿ ತೀರಿಸಿದಳೆಂದು ಜನಪದರು ಹೇಳುತ್ತಾರೆ. ನಿದ್ರೆಯ ಸಾಲವನ್ನು ಯಾರಾದರೂ ತೀರಿಸಲೇಬೇಕೆಂಬುದನ್ನು ಅವರು ಬಲ್ಲರು. ನಮ್ಮ ಹೃದಯಕ್ಕೆ ಊರ್ಮಿಳೆಯಿಲ್ಲ.

ಬಾಲ್ಯದ ಒಂದು ತಪ್ಪು ಈಗ ನೆನಪಾಗುತ್ತದೆ. ನಮ್ಮ ತಂದೆಯವರು ಗಿರಣಿಯ ರಾತ್ರಿಪಾಳಿ ಮುಗಿಸಿ ಬಂದು ಚಾಳಿನ ಒಂದೇ ಕೋಣೆಯಲ್ಲಿ ಮಲಗಿರುವಾಗ, ನಾವು ಬಾಗಿಲಲ್ಲಿಯೇ ಗೋಲಿಯಾಡುತ್ತಿದ್ದೆವು. ಅವರು ಮಗ್ಗುಲು ಬದಲಿಸುತ್ತಿದ್ದರೇ ವಿನಾ ಒಮ್ಮೆಯೂ ಗದರಲಿಲ್ಲ. ನಡುವಿರುಳಿನಲ್ಲಿ ಕಾವಲು ನಿಂತ ಮೇಲೆಯೇ ಆ ಮೌನದ ಬೆಲೆ ನಮಗೆ ತಿಳಿದದ್ದು. ಆಗ ಕ್ಷಮೆ ಕೇಳಲು ಅವರಿರಲಿಲ್ಲ.

ನಿಮ್ಮ ಮನೆಯಲ್ಲಿಯೂ ಸೈನಿಕನೋ, ದಾದಿಯೋ, ಕಾವಲುಗಾರನೋ ಹಗಲು ಮಲಗಿರಬಹುದು. ಕಿಟಕಿಯ ಪರದೆ ಎಳೆಯಿರಿ, ಮೆಲ್ಲನೆ ಮಾತಾಡಿರಿ. ನಮ್ಮ ಪರವಾಗಿ ಎಚ್ಚರವಿದ್ದವರಿಗೆ ನಾವು ತೀರಿಸಬಹುದಾದ ಋಣ ಇಷ್ಟೇ.