‘ನಾನು’ ಇಲ್ಲದ ವಾಕ್ಯಗಳು

ನಮ್ಮ ಪ್ರಾಜೆಕ್ಟಿನ ಅರ್ಧ ಟೀಮು ಇರೋದು ಮೆಕ್ಸಿಕೋದಲ್ಲಿ. ಅವರ ಜೊತೆ ನಾಲ್ಕು ಮಾತಾದ್ರೂ ಅವರ ಭಾಷೆಯಲ್ಲೇ ಆಡೋಣ ಅಂತ ಸ್ಪ್ಯಾನಿಷ್ ಕಲಿಯೋಕೆ ಸೇರಿಕೊಂಡೆ. ಮೊದಲ ವಾರ ಸರ್ವನಾಮಗಳ ಪಟ್ಟಿ ಬಾಯಿಪಾಠ ಮಾಡಿಸಿದ ಟೀಚರು, ಎರಡನೇ ವಾರ ‘ಇನ್ನು ಇವನ್ನ ಆದಷ್ಟು ಬಿಟ್ಟುಬಿಡಿ’ ಅಂದ್ರು! ಕ್ಲಾಸಲ್ಲಿದ್ದ ಇಂಗ್ಲಿಷ್ ಮಂದಿ ಗಾಬರಿಯಾದರು. ನನಗೆ ಮಾತ್ರ ಊರಿನ ಬಸ್ ಹತ್ತಿದಷ್ಟು ಆರಾಮೆನಿಸಿತು.

‘ಯೋ’ ಅಂದ್ರೆ ನಾನು. ‘ಯೋ ಆಬ್ಲೊ’ ಅಂದ್ರೆ ನಾನು ಮಾತಾಡುತ್ತೇನೆ. ಆದರೆ ಬರೀ ‘ಆಬ್ಲೊ’ ಅಂದರೂ ಸಾಕು. ನೀನು ಮಾತಾಡಿದರೆ ‘ಆಬ್ಲಾಸ್’, ನಾವಾದರೆ ‘ಆಬ್ಲಾಮೊಸ್’. ಯಾರು ಅನ್ನೋದು ಕ್ರಿಯಾಪದದ ಬಾಲದಲ್ಲೇ ಕೂತಿದೆ. ನಾವು ‘ಬಂದಳು’, ‘ಬಂದೆವು’ ಅನ್ನೋದೂ ಹೀಗೇ ಅಲ್ವಾ? ಮಳೆಗಂತೂ ಅವರಲ್ಲಿ ಕರ್ತೃವೇ ಬೇಡ. ‘ಯುವೇಬೆ’ ಅನ್ನೋ ಒಂದೇ ಪದ, ಮಳೆ ಸುರಿಯುತ್ತೆ.

ಆದರೆ ಬಾಲ ಎಲ್ಲ ಕಡೆಯೂ ಗುಟ್ಟು ಬಿಡೋದಿಲ್ಲ. ‘ಆಬ್ಲಾಬಾ’ ಅಂದ್ರೆ ನಾನೂ ಮಾತಾಡುತ್ತಿದ್ದಿರಬಹುದು, ಅವನೂ, ಅವಳೂ. ನಮ್ಮಲ್ಲೂ ‘ಬಂದೆ’ ಅಂದ್ರೆ ನಾನೂ ಆಗಬಹುದು, ನೀನೂ ಆಗಬಹುದು. ಹಿಂದಿನ ಮಾತು ಗೊತ್ತಿದ್ದರೆ ತೊಂದರೆಯಿಲ್ಲ. ಕ್ಯೂಬಾ, ಪೋರ್ಟೊರಿಕೊ ಕಡೆ ಪದದ ಕೊನೆಯ ‘ಸ್’ ನುಂಗಿಬಿಡುತ್ತಾರೆ. ಅಲ್ಲಿ ಸರ್ವನಾಮದ ಬಳಕೆ ಮೆಕ್ಸಿಕೋಗಿಂತ ಜಾಸ್ತಿ. ಬಾಲ ಸವೆದದ್ದಕ್ಕೇ ಹೀಗಾಯ್ತಾ ಅನ್ನೋ ವಿಷಯದಲ್ಲಿ ಭಾಷಾವಿಜ್ಞಾನಿಗಳಿಗೆ ಒಮ್ಮತ ಇಲ್ಲ. ಪಕ್ಕದ ಮಲಯಾಳಂ ನೋಡಿ, ಕ್ರಿಯಾಪದಕ್ಕೆ ಅಂಥ ಬಾಲವೇ ಇಲ್ಲ, ಆದರೂ ‘ನಾನು, ನೀನು’ಗಳನ್ನ ಆರಾಮಾಗಿ ಬಿಡ್ತಾರೆ.

ಹಾಗಾದರೆ ‘ಯೋ’ ಯಾವಾಗ ಬೇಕು? ಒತ್ತಿ ಹೇಳುವಾಗ, ಬೇರೆಯವರಿಂದ ನನ್ನನ್ನ ಬೇರ್ಪಡಿಸುವಾಗ. ಒಂದು ರಾತ್ರಿ ಸರ್ವರ್ ಬಿದ್ದು ಎಲ್ಲರೂ ಕಾಲ್‌ನಲ್ಲಿ ಕೂತು ಮುಖ ಮುಖ ನೋಡ್ತಿದ್ದಾಗ ಅಲ್ಲಿನ ಸಹೋದ್ಯೋಗಿಯೊಬ್ಬ ‘ಯೋ ಲೊ ಆಗೊ’ ಅಂದ. ಬರೀ ‘ಲೊ ಆಗೊ’ ಅಂದಿದ್ದರೆ ‘ಮಾಡ್ತೀನಿ’ ಅಂತಾಗ್ತಿತ್ತು. ಅವನು ಅಂದದ್ದು ‘ನಾನೇ ಮಾಡ್ತೀನಿ’ ಅಂತ. ನಮಗೆ ‘ಏ’ಕಾರ ಮಾಡೋ ಕೆಲಸವನ್ನ ಅವರಿಗೆ ಆ ಪುಟ್ಟ ‘ಯೋ’ ಮಾಡಿಕೊಡುತ್ತೆ.

ಇದನ್ನೆಲ್ಲ ಕಲಿತ ಮೇಲೆ ಅಮ್ಮನ ಫೋನು ಬೇರೆ ಥರ ಕೇಳಿಸೋಕೆ ಶುರುವಾಯ್ತು. ‘ಹಾಲು ಕರೆದೆ, ಡೈರಿಗೆ ಹಾಕಿ ಬಂದೆ, ಅವರೆಕಾಳು ಬಿಡಿಸ್ದೆ, ಈಗ ಕೂತ್ಕೊಂಡೆ.’ ಒಂದು ದಿನದ ದುಡಿಮೆ ಪೂರ್ತಿ ಇದೆ, ‘ನಾನು’ ಒಂದೂ ಇಲ್ಲ. ಅಪ್ಪ ಬದುಕಿದ್ದಾಗ ಅವರ ಹೆಸರನ್ನಂತೂ ಹೇಳ್ತಿರಲಿಲ್ಲ, ‘ಅವರು’ ಅನ್ನೋದೂ ಅಪರೂಪ. ‘ಬಂದ್ರು’, ‘ಉಂಡ್ರು’, ‘ತೋಟಕ್ಕೆ ಹೋದ್ರು’, ಅಷ್ಟೇ. ಆ ‘ರು’ ಒಂದರಲ್ಲೇ ಮೂವತ್ತೈದು ವರ್ಷದ ಸಂಸಾರ ನಡೆದುಹೋಯ್ತು. ಅಮ್ಮನಿಗೆ ತನ್ನ ಬಗ್ಗೆ ಹೇಳಿಕೊಳ್ಳೋಕೆ ಬರಲ್ಲ ಅಂತ ಮನೆಯಲ್ಲಿ ಎಲ್ಲರೂ ಅಂದುಕೊಂಡಿದ್ವಿ. ಆದರೆ ಹೇಳ್ತಾನೇ ಇದ್ದಳು, ಪ್ರತಿ ವಾಕ್ಯದ ಕೊನೆಯಲ್ಲಿ.

ಕನ್ನಡದಲ್ಲೂ ಇಲ್ಲ ಅನ್ನುವಾಗ ಬಾಲ ಪೂರ್ತಿ ಕಳಚಿಬಿದ್ದಿದೆ. ಸ್ಪ್ಯಾನಿಷ್‌ನಲ್ಲಿ ‘ನೋ ಬೀನೆ’ ಅಂದ್ರೆ ಬರದೇ ಇದ್ದದ್ದು ನಾನು, ‘ನೋ ಬೀನೊ’ ಅಂದ್ರೆ ಅವನು ಅಥವಾ ಅವಳು. ನಮ್ಮ ‘ಬರಲಿಲ್ಲ’ ನಾನೋ ನೀನೋ ಊರೋ ಹೇಳಲ್ಲ. ಹಳೆಗಾಲದ ‘ಬಾರೆನು’ವಿನಲ್ಲಿ ‘ನಾನು’ ಇತ್ತು, ಈಗಿನ ‘ಬರಲ್ಲ’ದಲ್ಲಿ ಇಲ್ಲ. ಬೇಕಾದವರು ಬೇರೆಯಾಗಿ ಹೇಳಿಕೊಳ್ಳಬೇಕು.

ಅಪ್ಪ ಹೋದ ಮೇಲೆ, ಎಮ್ಮೆ ಮಾರಿ ಅಮ್ಮನನ್ನ ಬೆಂಗಳೂರಿಗೆ ಕರ್ಕೊಂಡು ಬರೋದು ಅಂತ ನಾನೂ ಅಕ್ಕನೂ ಮಾತಾಡ್ಕೊಂಡು ಊರಿಗೆ ಹೋದ್ವಿ. ಫ್ಲ್ಯಾಟು, ಲಿಫ್ಟು, ಹತ್ತಿರದ ಆಸ್ಪತ್ರೆ, ಎಲ್ಲ ವಿವರಿಸಿದ್ವಿ. ಮದುವೆಗೋ ಮುಂಜಿಗೋ ಕರೆದರೆ ‘ಬರಲ್ಲ ಬಿಡು’ ಅನ್ನೋದು ಅಮ್ಮನ ರೂಢಿ. ಎರಡು ಸಲ ಒತ್ತಾಯ ಮಾಡಿದರೆ ಸೀರೆ ಬದಲಾಯಿಸಿ ಹೊರಡ್ತಾಳೆ.

ಅವತ್ತು ಒಲೆ ಮುಂದೆ ಕೂತವಳು ನಮ್ಮ ಮುಖ ನೋಡಿ ‘ನಾನು ಬರಲ್ಲ’ ಅಂದಳು.

ಅಕ್ಕ ಮತ್ತೆ ಬಾಯಿ ತೆಗೆಯೋಕೆ ಹೋದಳು. ನಾನು ಕಣ್ಸನ್ನೆ ಮಾಡಿದೆ. ಎಮ್ಮೆ ಈಗಲೂ ಇದೆ. ದಿನಾ ಸಂಜೆ ಏಳಕ್ಕೆ ಫೋನ್ ಬರುತ್ತೆ, ‘ಹಾಲು ಹಾಕಿ ಬಂದೆ.’